ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಂಗಳದಲ್ಲಿ ದೊಡ್ಡ ಮಕ್ಕಳು ಲಗೋರಿ ಆಡುತ್ತಿರುತ್ತಾರೆ. ಅಕ್ಕನ ಹಿಂದೆಯೇ ನಾಲ್ಕು ವರ್ಷದ ತಮ್ಮನೂ ಬಂದು ನಿಲ್ಲುತ್ತಾನೆ. ಅವನನ್ನು ಹೇಗೆ ಸೇರಿಸಿಕೊಳ್ಳುತ್ತಾರೆಂಬುದು ನಿಮಗೆಲ್ಲ ಗೊತ್ತು. 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಮೊದಲೇ ಸಾರಿಬಿಡುತ್ತಾರೆ. ಅವನು ಓಡಬಹುದು, ಕೂಗಬಹುದು, ಔಟಾದರೂ ಔಟಲ್ಲ. ಚಿಕ್ಕವನ ಮನಸ್ಸು ನೋಯಬಾರದೆಂದು ಮಕ್ಕಳೇ ಕಂಡುಕೊಂಡ ಉಪಾಯವಿದು.

ಇದೇ ಮಾತನ್ನು ಎಂಟನೆಯ ತರಗತಿಯ ಒಬ್ಬ ಹುಡುಗಿಗೆ ಅನ್ವಯಿಸಿ ನೋಡಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ, ಬೆಂಚಿನ ಮೇಲೆ ಜಾಗವಿದೆ. ಆದರೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳನ್ನು ಯಾರೂ ಕರೆಯುವುದಿಲ್ಲ. ಗುಂಪು ಮಾಡಿಕೊಳ್ಳಿ ಎಂದಾಗ ಕೊನೆಗೆ ಉಳಿಯುವವಳು ಅವಳೇ. ಎರಡು ದಿನ ಬಾರದಿದ್ದರೆ, ಏಕೆ ಬರಲಿಲ್ಲವೆಂದು ವಿಚಾರಿಸುವವರಿಲ್ಲ. ಅಂಗಳದಲ್ಲಿ ಪ್ರೀತಿಯಾಗಿದ್ದ ಮಾತು ತರಗತಿಯಲ್ಲಿ ಶಿಕ್ಷೆಯಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಓರಗೆಯವರ ಲೆಕ್ಕದಲ್ಲಿ ಇರುವುದು ಮನಸ್ಸಿನ ಆರೋಗ್ಯಕ್ಕೆ ಏಕೆ ಅಷ್ಟು ಮುಖ್ಯ, ಆ ಲೆಕ್ಕವನ್ನು ಬರೆಯುವವರು ಯಾರು, ಅದನ್ನು ತಿದ್ದಲು ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಇಲ್ಲಿ ನೋಡೋಣ.

ಹೊಸಬರು ಬರುತ್ತಲೇ ಇರುವ ಊರು

ಈ ವಿಷಯ ಎಲ್ಲ ಊರಿನ ಶಾಲೆಗಳಿಗೂ ಸಂಬಂಧಿಸಿದ್ದು. ಆದರೂ ಉತ್ತರ ಕನ್ನಡದ ಕಾರವಾರ ಮತ್ತು ಅಂಕೋಲಾ ತಾಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಅದು ಬೇಗ ಮನದಟ್ಟಾಗುತ್ತದೆ. 'ನಮ್ಮವರು' ಮತ್ತು 'ಹೊಸಬರು' ಎಂಬ ಗೆರೆ ಇಲ್ಲಿನ ತರಗತಿಗಳಲ್ಲಿ ಹಲವು ಬಾರಿ ಸ್ಥಾನ ಬದಲಿಸಿದೆ.

ಮೊದಲನೆಯದು ಭಾಷೆ. ಕಾರವಾರದ ಬಹಳಷ್ಟು ಮನೆಗಳಲ್ಲಿ ಕೊಂಕಣಿ ಮಾತು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಹಾಲಕ್ಕಿ ಕನ್ನಡ. ಘಟ್ಟದ ಕಡೆಯ ಸಿದ್ದಿ ಕುಟುಂಬಗಳಲ್ಲಿ ಅವರದೇ ರೀತಿಯ ಕೊಂಕಣಿ. ಶಾಲೆಗೆ ಬಂದರೆ ಪಠ್ಯಪುಸ್ತಕದ ಕನ್ನಡ, ಇಲ್ಲವೇ ಇಂಗ್ಲಿಷ್. ಹೀಗಾಗಿ ಎದ್ದು ನಿಂತು ಪಾಠ ಓದುವಾಗ ಬಹುತೇಕ ಎಲ್ಲ ಮಕ್ಕಳೂ ಮನೆಯ ಮಾತನ್ನು ಬದಿಗಿಟ್ಟು ಇನ್ನೊಂದು ಮಾತನ್ನು ನಾಲಿಗೆಗೆ ತಂದುಕೊಳ್ಳಬೇಕು. ಯಾರ ನಾಲಿಗೆ ಎಲ್ಲಿ ತೊಡರುತ್ತದೆಂದು ಇಡೀ ತರಗತಿಗೆ ಕೇಳಿಸುತ್ತದೆ.

ಎರಡನೆಯದು ಸ್ಥಳಾಂತರ. 1986ರ ಅಕ್ಟೋಬರ್ 24ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಮುಂದೆ ಭೂಸ್ವಾಧೀನದಿಂದಾಗಿ ಈ ಎರಡೂ ತಾಲೂಕುಗಳ ಕರಾವಳಿಯ ಹಲವು ಹಳ್ಳಿಗಳ ಸಾವಿರಾರು ಮೀನುಗಾರ ಮತ್ತು ರೈತ ಕುಟುಂಬಗಳು ಮನೆ ಬಿಟ್ಟು, ತೋಡೂರು ಮೊದಲಾದೆಡೆಯ ಪುನರ್ವಸತಿ ಕಾಲೊನಿಗಳಿಗೆ ಬಂದವು. ದೊಡ್ಡವರು ಭೂಮಿ, ದೋಣಿ, ಪರಿಹಾರದ ಮೊತ್ತಗಳ ಬಗ್ಗೆ ಹೋರಾಡಿದರು; ಅದು ದಾಖಲೆಗಳಲ್ಲಿದೆ. ಮಕ್ಕಳು ಕಳೆದುಕೊಂಡದ್ದು ಯಾವ ಪರಿಹಾರದ ಪಟ್ಟಿಯಲ್ಲೂ ಬರುವಂಥದ್ದಲ್ಲ: ಜೊತೆಗೆ ಶಾಲೆಗೆ ನಡೆದು ಹೋಗುತ್ತಿದ್ದ ಪಕ್ಕದ ಮನೆಯ ಗೆಳೆಯ, ಪರಿಚಿತ ಮಾಸ್ತರು, ತನ್ನ ಹೆಸರನ್ನು ಸರಿಯಾಗಿ ಕರೆಯುತ್ತಿದ್ದ ಒಂದು ಗುಂಪು. ಕಚೇರಿ ಕಾಗದಗಳಲ್ಲೂ ಪತ್ರಿಕೆಗಳಲ್ಲೂ ಈ ಕುಟುಂಬಗಳಿಗೆ 'ನಿರಾಶ್ರಿತರು' ಎಂಬ ಹೆಸರು ಬಂತು. ಪರಿಹಾರದ ಅರ್ಜಿಗೆ ಆ ಪದ ಬೇಕು. ಅದೇ ಪದವನ್ನು ಹೊಸ ಶಾಲೆಯ ಬೆಂಚಿನ ಮೇಲೆ ಒಂದು ಮಗುವಿನ ಹೆಸರಿಗೆ ಅಂಟಿಸಿದರೆ ಏನಾಗುತ್ತದೆಂದು ಯೋಚಿಸಿ.

ಮೂರನೆಯದು ವರ್ಗಾವಣೆ. ಕೈಗಾ ಅಣುವಿದ್ಯುತ್ ಕೇಂದ್ರದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. 2005ರ ಮೇ 31ರಂದು ನೌಕಾನೆಲೆ 'ಐಎನ್ಎಸ್ ಕದಂಬ' ಎಂಬ ಹೆಸರಿನಿಂದ ಸೇವೆಗೆ ಸೇರಿತು. ಇವೆರಡರಿಂದ ದೇಶದ ನಾನಾ ಭಾಗಗಳ ನೌಕರರು ಇಲ್ಲಿಗೆ ಬಂದರು. ಅವರ ಮಕ್ಕಳು ಕೆಲವು ವರ್ಷಗಳಿಗೊಮ್ಮೆ ಶಾಲೆ ಬದಲಿಸುತ್ತಾರೆ. ಒಂದು ಕಡೆ ಗೆಳೆತನ ಬೇರೂರುವ ಹೊತ್ತಿಗೆ ಇನ್ನೊಂದು ಕಡೆಗೆ ಗಂಟುಮೂಟೆ.

ಹೀಗೆ ಮನೆಯ ಮಾತು ಬೇರೆಯಾದವರು, ಮನೆಯೇ ಬೇರೆ ಕಡೆಗೆ ಹೋದವರು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರು, ಎಲ್ಲರೂ ಒಂದಲ್ಲ ಒಂದು ದಿನ ಅಪರಿಚಿತ ತರಗತಿಯ ಬಾಗಿಲಲ್ಲಿ ನಿಂತಿದ್ದಾರೆ.

ಚುಕ್ಕೆ ಮತ್ತು ಬಾಣದ ನಕ್ಷೆ

ಈ ವಿಷಯವನ್ನು ಅಳೆದು ನೋಡಲು ಸಾಧ್ಯವೇ? ಸಾಧ್ಯವೆಂದು ತೋರಿಸಿದವರಲ್ಲಿ ಮೊದಲಿಗರು ಜೇಕಬ್ ಮೊರೆನೊ ಎಂಬ ಮನೋವೈದ್ಯರು. 1932ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬಲ್ಲಿನ ಬಾಲಕಿಯರ ವಸತಿಶಾಲೆಯಿಂದ ಎರಡೇ ವಾರಗಳಲ್ಲಿ 14 ಹುಡುಗಿಯರು ಓಡಿಹೋದರು. ಪ್ರತಿ ಹುಡುಗಿಯ ಸ್ವಭಾವದಲ್ಲಿ ದೋಷ ಹುಡುಕುವುದು ಸುಲಭವಿತ್ತು. ಮೊರೆನೊ ಹಾಗೆ ಮಾಡಲಿಲ್ಲ. ಯಾರಿಗೆ ಯಾರು ಇಷ್ಟ, ಯಾರ ಜೊತೆ ಇರಲು ಯಾರು ಬಯಸುತ್ತಾರೆ ಎಂಬುದನ್ನು ತಿಳಿದು ನಕ್ಷೆ ಬರೆದರು. ಪ್ರತಿ ಹುಡುಗಿಗೆ ಒಂದು ಗುರುತು. ಅವಳು ಆರಿಸಿದವಳ ಕಡೆಗೆ ಒಂದು ಗೆರೆ. ಓಡಿಹೋಗುವ ವಿಚಾರ ಈ ಗೆರೆಗಳ ಮೂಲಕ ಒಬ್ಬಳಿಂದ ಇನ್ನೊಬ್ಬಳಿಗೆ ಹರಡಿತ್ತೆಂದು ಅವರು ವಿವರಿಸಿದರು. 1934ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಈ ವಿಧಾನ ಪ್ರಸಿದ್ಧವಾಯಿತು. ಇದಕ್ಕೆ ಸೋಷಿಯೋಮೆಟ್ರಿ ಎಂದು ಹೆಸರು. ಗುಂಪಿನೊಳಗಿನ ಒಲವುಗಳ ಅಳತೆ ಎಂದು ಅದರ ಅರ್ಥ.

1982ರಲ್ಲಿ ಜಾನ್ ಕೋಯಿ, ಕೆನೆತ್ ಡಾಜ್ ಮತ್ತು ಅವರ ಸಹೋದ್ಯೋಗಿ ಶಾಲಾ ಮಕ್ಕಳಿಗೆ ಎರಡು ಪ್ರಶ್ನೆ ಕೇಳಿದರು: ನಿನಗೆ ತುಂಬ ಇಷ್ಟವಾದವರು ಯಾರು, ಇಷ್ಟವೇ ಇಲ್ಲದವರು ಯಾರು? ಉತ್ತರಗಳಿಂದ ಮಕ್ಕಳ ಸ್ಥಾನ ಬೇರೆ ಬೇರೆಯಾಗಿ ಕಂಡಿತು. ಬಹಳ ಮಂದಿಗೆ ಬೇಕಾದವರು ಕೆಲವರು. ಬಹಳ ಮಂದಿಗೆ ಬೇಡವಾದವರು ಕೆಲವರು. ಕೆಲವರಿಗೆ ಬೇಕು, ಕೆಲವರಿಗೆ ಬೇಡ ಎಂಬಂಥವರು ಇನ್ನು ಕೆಲವರು. ಮಧ್ಯಮ ಸ್ಥಾನದವರು ಹೆಚ್ಚು ಮಂದಿ. ಇವರಲ್ಲದೆ, ಎರಡೂ ಪ್ರಶ್ನೆಗೆ ಯಾರೂ ಹೆಸರು ಹೇಳದ ಮಕ್ಕಳೂ ಇದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಇವರೇ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಗುಂಪು.

'ಬೇಡವಾದವರು' ಮತ್ತು 'ಲೆಕ್ಕಕ್ಕಿಲ್ಲದವರು' ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ಲೆಕ್ಕಕ್ಕಿಲ್ಲದ ಮಗು ಗುಂಪು ಬದಲಾದರೆ ಎಷ್ಟೋ ಬಾರಿ ಅರಳುತ್ತದೆ. 1983ರಲ್ಲಿ ಕೋಯಿ ಮತ್ತು ಜ್ಯಾನಿಸ್ ಕೂಪರ್ಸ್ಮಿಟ್ ಹುಡುಗರ ಪುಟ್ಟ ಗುಂಪುಗಳನ್ನು ವಾರವಾರ ಆಡಲು ಬಿಟ್ಟು ಗಮನಿಸಿದಾಗ, ಪರಿಚಯವಿಲ್ಲದ ಹುಡುಗರ ಗುಂಪಿನಲ್ಲಿ ಇಂಥವರು ಹೆಚ್ಚು ಬೆರೆತರು. ಬೇಡವಾದ ಹುಡುಗರಿಗೆ ಮಾತ್ರ ಮೂರನೆಯ ಭೇಟಿಯ ಹೊತ್ತಿಗೆ ಅಲ್ಲೂ ಹಳೆಯ ಸ್ಥಾನವೇ ಬಂದಿತ್ತು. ಅವರಲ್ಲಿ ಕೆಲವರು ಬೇಗ ಕೈ ಎತ್ತುವವರು, ಆಟ ಕೆಡಿಸುವವರು. ಆದುದರಿಂದ ಎಲ್ಲ ತಪ್ಪೂ ತರಗತಿಯದೇ ಎಂದು ಹೇಳಲು ಬರುವುದಿಲ್ಲ. ಇಂಥ ಮಗುವಿಗೆ ಸಿಟ್ಟನ್ನು ಹಿಡಿಯುವುದು, ಸರದಿ ಕಾಯುವುದು ಮುಂತಾದವನ್ನು ಕಲಿಸಬೇಕಾಗುತ್ತದೆ. ಆದರೆ ಎಲ್ಲರೂ ದೂರವಿಟ್ಟ ಮಗು ಇದನ್ನು ಯಾರ ಜೊತೆ ಅಭ್ಯಾಸ ಮಾಡಬೇಕು?

ಒಂದು ಎಚ್ಚರಿಕೆ. ಇದನ್ನು ಓದಿ ನಿಮ್ಮ ತರಗತಿಯಲ್ಲಿ ಇಂಥ ಮತದಾನ ನಡೆಸಬೇಡಿ. ಸಂಶೋಧಕರು ಉತ್ತರಗಳನ್ನು ಗುಟ್ಟಾಗಿಡುತ್ತಾರೆ. ತರಗತಿಯಲ್ಲಿ ಅದು ಗುಟ್ಟಾಗಿ ಉಳಿಯುವುದಿಲ್ಲ.

ಹೊಟ್ಟೆನೋವಿನ ಹಿಂದೆ

ಓರಗೆಯವರು ದೂರವಿಟ್ಟರೆ ನೋವಾಗುತ್ತದೆ ಎನ್ನುತ್ತೇವೆ. ಆ 'ನೋವು' ಬರೀ ಮಾತಿನ ಅಲಂಕಾರವೇ? 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ 13 ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿದ ವಿದ್ಯಾರ್ಥಿಯು ಪರದೆಯ ಮೇಲೆ ಇನ್ನಿಬ್ಬರ ಜೊತೆ ಚೆಂಡೆಸೆಯುವ ಆಟ ಆಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಆ ಇಬ್ಬರು ಚೆಂಡನ್ನು ತಮ್ಮತಮ್ಮೊಳಗೇ ಎಸೆದುಕೊಳ್ಳುತ್ತಾರೆ. ನಿಜಕ್ಕೂ ಅವರು ಮನುಷ್ಯರೇ ಅಲ್ಲ, ಕಂಪ್ಯೂಟರಿನ ಲೆಕ್ಕಾಚಾರ. ಆಗ ಮಿದುಳಿನ ಮುಂಭಾಗದ ಒಳಮಡಿಕೆಯ ಒಂದು ಪ್ರದೇಶ ಹೆಚ್ಚು ಚುರುಕಾದದ್ದು ಕಂಡಿತು. ದೇಹಕ್ಕೆ ಪೆಟ್ಟಾದಾಗ ಉಂಟಾಗುವ ಸಂಕಟದಲ್ಲೂ ಆ ಪ್ರದೇಶಕ್ಕೆ ಪಾತ್ರವಿದೆ. ಎರಡೂ ನೋವುಗಳು ಒಂದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆ ಪ್ರದೇಶಕ್ಕೆ ಬೇರೆ ಕೆಲಸಗಳೂ ಇವೆಯೆಂದು ಮುಂದಿನ ಸಂಶೋಧಕರು ವಾದಿಸಿದ್ದಾರೆ. ಆದರೆ ಕೆಲವೇ ನಿಮಿಷದ ಹುಸಿ ಆಟದಲ್ಲಿ ಚೆಂಡು ಬಾರದಿದ್ದುದಕ್ಕೇ ಪ್ರಾಯದ ವಿದ್ಯಾರ್ಥಿಗಳು ಬೇಸರಪಟ್ಟರು ಎಂಬುದು ನಿಜ. ಹಾಗಿರುವಾಗ ಜೂನ್‌ನಿಂದ ಮಾರ್ಚ್‌ವರೆಗೆ ಪ್ರತಿದಿನ ಚೆಂಡು ಬಾರದ ಮಗುವಿನ ಪಾಡೇನು?

ಆ ಮಗು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು ಎನ್ನುತ್ತದೆ. ರಜೆಯ ದಿನ ಅದು ಇರುವುದಿಲ್ಲ. ಹಲವು ಬಾರಿ ಇದು ನಟನೆಯೂ ಆಗಿರುವುದಿಲ್ಲ. ಆತಂಕ ಕರುಳಿನ ಚಲನೆಯನ್ನು ನಿಜವಾಗಿಯೂ ಬದಲಿಸುತ್ತದೆ. ನಿದ್ದೆ ಕೆಡುತ್ತದೆ, ಡಬ್ಬಿಯ ಊಟ ಹಾಗೆಯೇ ಮನೆಗೆ ಬರುತ್ತದೆ, ಸಣ್ಣ ಮಾತಿಗೂ ಅಳು ಅಥವಾ ಸಿಟ್ಟು ಬರುತ್ತದೆ. ಪಾಠದಲ್ಲೂ ಹಿಂದೆ ಬೀಳಬಹುದು. 'ಈಗ ಯಾರು ನಗುತ್ತಾರೋ' ಎಂದು ಕಾಯುತ್ತಿರುವ ಮನಸ್ಸಿಗೆ ಬೀಜಗಣಿತಕ್ಕೆ ಕೊಡಲು ಗಮನ ಉಳಿದಿರುವುದಿಲ್ಲ. ಓರಗೆಯವರಿಗೆ ಬೇಡವಾದ ಮಕ್ಕಳು ಶಾಲೆ ತಪ್ಪಿಸುವ, ಮಧ್ಯದಲ್ಲೇ ಬಿಟ್ಟುಬಿಡುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ.

ಒಬ್ಬರು ಸಾಕು

ಹಾಗಾದರೆ ಎಲ್ಲರಿಗೂ ಪ್ರಿಯರಾಗಬೇಕೇ? ಬೇಕಾಗಿಲ್ಲ. ಗುಂಪಿನ ಮೆಚ್ಚುಗೆ ಒಂದು, ಗೆಳೆತನ ಇನ್ನೊಂದು. ಮೊದಲನೆಯದು ಹಲವರಿಂದ ಒಬ್ಬರ ಕಡೆಗೆ ಬರುವ ಬಾಣಗಳು. ಎರಡನೆಯದು ಇಬ್ಬರ ನಡುವೆ ಹೋಗಿ ಬರುವ ಬಾಣ. 1999ರಲ್ಲಿ ಪ್ರಕಟವಾದ, ಕೆನಡಾದ ಶಾಲಾ ಮಕ್ಕಳ ಒಂದು ಅಧ್ಯಯನದಲ್ಲಿ, ಸಹಪಾಠಿಗಳಿಂದ ಕಾಟಕ್ಕೊಳಗಾದ ಮಕ್ಕಳನ್ನು ಒಂದು ವರ್ಷದ ಅನಂತರ ಮತ್ತೆ ನೋಡಲಾಯಿತು. ಪರಸ್ಪರ ಆರಿಸಿಕೊಂಡ ಒಬ್ಬ ಆಪ್ತ ಗೆಳೆಯನಾದರೂ ಇದ್ದ ಮಕ್ಕಳಲ್ಲಿ ಆ ಕಾಟದ ಕೆಟ್ಟ ಪರಿಣಾಮ ಕಡಿಮೆಯಿತ್ತು. ನಲವತ್ತು ಜನರ ತರಗತಿಯಲ್ಲಿ ನಲವತ್ತು ಮನಸ್ಸುಗಳನ್ನು ಗೆಲ್ಲಬೇಕಾಗಿಲ್ಲ. ಒಂದು ಬಾಣ ಹೋಗಿ, ಒಂದು ಬಾಣ ಬಂದರೆ ಬಹಳಷ್ಟು ಬದಲಾಗುತ್ತದೆ.

ದೂರವಿಡುವುದಕ್ಕೆ ದ್ವೇಷವೇ ಕಾರಣವಾಗಬೇಕೆಂದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ಗಂಗಾವಳಿ ನದಿಯ ಆಚೆ ದಡದ ಉಳುವರೆಯಲ್ಲೂ ಮನೆಗಳು ನಾಶವಾದವು. ಇಂಥ ದುರಂತ ಕಂಡ ಮನೆಯ ಮಗು ಶಾಲೆಗೆ ಮರಳಿದಾಗ ಸಹಪಾಠಿಗಳು ಏನು ಮಾತನಾಡಬೇಕೆಂದು ತೋಚದೆ ಸುಮ್ಮನೆ ದೂರ ಉಳಿಯುವುದುಂಟು. ಅವರ ಸಂಕೋಚ ಆ ಮಗುವಿಗೆ ತಿರಸ್ಕಾರದಂತೆ ಕಾಣುತ್ತದೆ. ಆಗ ದೊಡ್ಡ ಸಾಂತ್ವನದ ಮಾತು ಬೇಡ. ಪಕ್ಕದಲ್ಲಿ ಜಾಗ ಹಿಡಿದಿಡುವುದು, ತಪ್ಪಿಹೋದ ಪಾಠದ ನೋಟ್ಸು ಕೊಡುವುದು, ಮೊದಲಿನಂತೆ ಆಟಕ್ಕೆ ಕರೆಯುವುದು ಸಾಕು.

ನೋಡುತ್ತ ನಿಂತವರು

ಚರ್ಚೆಯ ಕಾರ್ಯಕ್ರಮಗಳಿಗೆ ಮಕ್ಕಳನ್ನು ಸ್ಟುಡಿಯೋದಲ್ಲಿ ಕೂರಿಸಿದಾಗ ನಾವು ಒಂದು ಸಂಗತಿಯನ್ನು ಮತ್ತೆ ಮತ್ತೆ ನೋಡುತ್ತೇವೆ. ಒಂದು ಕ್ಯಾಮೆರಾ ಮಾತನಾಡುವ ಹುಡುಗನ ಮೇಲೆ ಇರುತ್ತದೆ, ಇನ್ನೊಂದು ಕೇಳುವವರ ಮೇಲೆ. ಮಾತನಾಡುವವನು ಒಂದು ಪದ ತಪ್ಪಿದರೆ, ಎರಡನೆಯ ಕ್ಯಾಮೆರಾದಲ್ಲಿ ಮೊದಲು ಒಬ್ಬನ ತುಟಿಯಲ್ಲಿ ನಗು ಕಾಣುತ್ತದೆ. ಅವನು ಕೂಡಲೇ ಅಕ್ಕಪಕ್ಕ ನೋಡುತ್ತಾನೆ. ಉಳಿದವರೂ ನಕ್ಕರೆ ಜೋರಾಗಿ ನಗುತ್ತಾನೆ. ಯಾರೂ ನಗದಿದ್ದರೆ ಅವನ ನಗುವೂ ಅಲ್ಲೇ ಆರಿಹೋಗುತ್ತದೆ. ಮೊದಲು ನಕ್ಕವನು ನಿಜಕ್ಕೂ ಕಾಯುತ್ತಿದ್ದುದು ಪಕ್ಕದವರ ಅನುಮತಿಗೆ.

ಇದನ್ನೇ ಕೆನಡಾದ ಸಂಶೋಧಕರು ಶಾಲೆಯ ಆಟದ ಬಯಲಿನಲ್ಲಿ ಕ್ಯಾಮೆರಾ ಮತ್ತು ಮೈಕ್ರೋಫೋನು ಇಟ್ಟು ಅಳೆದರು. 2001ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಒಬ್ಬರನ್ನು ಕಾಡುವ ಪ್ರಸಂಗಗಳಲ್ಲಿ ಶೇಕಡಾ 88ರಲ್ಲಿ ಬೇರೆ ಮಕ್ಕಳು ನೋಡುತ್ತಿದ್ದರು. ಅವರು ನಡುವೆ ಬಂದದ್ದು ಶೇಕಡಾ 19ರಲ್ಲಿ ಮಾತ್ರ. ಆದರೆ ಬಂದಾಗ, ಶೇಕಡಾ 57ರಷ್ಟು ಸಲ ಕಾಟ 10 ಸೆಕೆಂಡುಗಳೊಳಗೆ ನಿಂತಿತು. ಹತ್ತು ಸೆಕೆಂಡು! ಮಾಸ್ತರು ಅಥವಾ ಅಕ್ಕೋರು ಸುದ್ದಿ ತಿಳಿದು ಬರುವುದಕ್ಕೆ ಮೊದಲೇ ಅದು ಮುಗಿದಿರುತ್ತದೆ.

ನಡುವೆ ಬರುವುದೆಂದರೆ ಜಗಳವಾಡುವುದಲ್ಲ. ಉಚ್ಚಾರಣೆಗೆ ಎಲ್ಲರೂ ನಕ್ಕಾಗ ನಗದೆ ಇರುವುದು ಮೊದಲ ಹೆಜ್ಜೆ. 'ಬಿಡೋ, ಅವನು ಓದಲಿ' ಎನ್ನುವುದು ಎರಡನೆಯದು. 'ಬಾ, ನಮ್ಮ ಜೊತೆ ಕೂತ್ಕೋ' ಎಂದು ಕಾಟಕ್ಕೊಳಗಾದವಳನ್ನು ಅಲ್ಲಿಂದ ಕರೆದೊಯ್ಯುವುದು ಮೂರನೆಯದು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರನ್ನು ಗೇಲಿ ಮಾಡಿದ ಚಿತ್ರ ಬಂದರೆ ಮುಂದಕ್ಕೆ ಕಳಿಸದಿರುವುದು, ಅವರಿಗೆ ಪ್ರತ್ಯೇಕವಾಗಿ ಎರಡು ಮಾತು ಬರೆಯುವುದು ನಾಲ್ಕನೆಯದು. ಹೊಡೆತ, ಬೆದರಿಕೆ ಇದ್ದಲ್ಲಿ ಮಾತ್ರ ಒಬ್ಬರೇ ಮುಂದೆ ಹೋಗದೆ ದೊಡ್ಡವರನ್ನು ಕರೆಯಬೇಕು.

ಎಲ್ಲರ ಕೈಯಲ್ಲೂ ಒಂದು ತುಂಡು

ಶಾಲೆಯೂ ಮಾಡಬಹುದಾದ ಒಂದು ಕೆಲಸವಿದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದಾಗ ಜಗಳಗಳಾದವು. ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾಠವನ್ನೇ ತುಂಡು ಮಾಡಿದರು. ಪುಟ್ಟ ಗುಂಪಿನ ಪ್ರತಿ ಮಗುವಿಗೂ ಪಾಠದ ಒಂದೊಂದೇ ಭಾಗ. ತನ್ನ ಭಾಗವನ್ನು ಉಳಿದವರಿಗೆ ಕಲಿಸುವುದು ಅದರ ಹೊಣೆ. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ತಡವರಿಸಿ ಮಾತನಾಡುವ ಹುಡುಗನನ್ನು ಗೇಲಿ ಮಾಡಿದರೆ ಅವನ ಬಳಿ ಇರುವ ಭಾಗ ಸಿಗುವುದಿಲ್ಲ. ಕೇಳಬೇಕು, ಕಾಯಬೇಕು, ಪ್ರಶ್ನೆ ಕೇಳಿ ಹೊರತೆಗೆಯಬೇಕು. ಕೆಲವು ವಾರಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಡತೊಡಗಿದರು.

ಕಾರವಾರ, ಅಂಕೋಲೆಯ ತರಗತಿಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. 'ನಮ್ಮ ಕರಾವಳಿ' ಎಂಬ ಪಾಠವಿರಲಿ. ಮೀನಿನ ಹೆಸರುಗಳು ಕೊಂಕಣಿ ಮನೆಯ ಮಗುವಿಗೆ ಗೊತ್ತು, ಕಾಡಿನ ಗಿಡಗಳು ಹಾಲಕ್ಕಿ ಅಥವಾ ಸಿದ್ದಿ ಮನೆಯ ಮಗುವಿಗೆ, ಬೇರೆ ಬಂದರುಗಳ ಸಂಗತಿ ನೌಕಾನೆಲೆಯ ಮಗುವಿಗೆ. ಯಾರ ತುಂಡು ಇಲ್ಲದಿದ್ದರೂ ಪಾಠ ಪೂರ್ತಿಯಾಗುವುದಿಲ್ಲ.

ಅಂಕೋಲಾ ತಾಲೂಕಿನ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯಬೇಕು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ಭಂಡಾರವಾಗಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಸಾವಿರಾರು ಸಸಿಗಳನ್ನು ಬೆಳೆಸಿದವರು. 2021ರ ನವೆಂಬರಿನಲ್ಲಿ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ಪಡೆದರು. ಇಬ್ಬರೂ ಶಾಲೆಯಲ್ಲಿ ಕಲಿತವರಲ್ಲ, ಇಬ್ಬರೂ ಈಗ ನಮ್ಮೊಂದಿಗಿಲ್ಲ. ಅದೇ ಮಾತು, ಅದೇ ಉಡುಗೆಯ ಮನೆಯಿಂದ ಬಂದ ಹುಡುಗಿಗೆ ನಮ್ಮ ತರಗತಿಯಲ್ಲಿ ಗೌರವ ಸಿಗಲು ದೆಹಲಿಯ ಪ್ರಶಸ್ತಿ ಬರುವವರೆಗೆ ಕಾಯಬೇಕೇ?

ಹೊರಗುಳಿದವರು ನೀವಾಗಿದ್ದರೆ

ಇದನ್ನು ಓದುತ್ತಿರುವ ನಿಮ್ಮಲ್ಲೇ ಕೆಲವರಿಗೆ ಇದು ಸ್ವಂತ ಕಥೆ ಎನಿಸಿರಬಹುದು. ನಿಮಗೆ ನಾಲ್ಕು ಮಾತು.

ಒಂದು, ತರಗತಿಯಲ್ಲಿ ನಿಮಗಿರುವ ಸ್ಥಾನ ನಿಮ್ಮ ಯೋಗ್ಯತೆಯ ಅಂಕಪಟ್ಟಿಯಲ್ಲ. ಅದು ಆ ಗುಂಪಿನ ಈ ವರ್ಷದ ನಕ್ಷೆ ಮಾತ್ರ. ಗುಂಪು ಬದಲಾದಾಗ ನಕ್ಷೆ ಬದಲಾಗುವುದುಂಟು.

ಎರಡು, ಗುಂಪಿಗೆ ಸೇರಲು ಒಂದು ಕ್ರಮವಿದೆ. 1981ರಲ್ಲಿ ಮಾರ್ಥಾ ಪುಟಲ್ಲಾಜ್ ಮತ್ತು ಜಾನ್ ಗಾಟ್‌ಮನ್ ಮಕ್ಕಳು ಗುಂಪಿನೊಳಗೆ ಹೇಗೆ ಪ್ರವೇಶಿಸುತ್ತಾರೆಂದು ಗಮನಿಸಿದರು. ಸುಲಭವಾಗಿ ಸೇರಿಕೊಂಡ ಮಕ್ಕಳು, ಅಲ್ಲಿ ಏನು ನಡೆಯುತ್ತಿದೆಯೋ ಅದಕ್ಕೆ ಹೊಂದುವ ಮಾತಾಡಿದರು. ಬಂದಕೂಡಲೇ ತಮ್ಮ ವಿಷಯ ಹೇಳಿದವರು, ಆಟದ ನಿಯಮವನ್ನು ವಿರೋಧಿಸಿದವರು ಹೊರಗುಳಿದರು. ಸ್ವಲ್ಪ ನೋಡಿ, ಆಮೇಲೆ ಸೇರಿ.

ಮೂರು, ಇಡೀ ಗುಂಪನ್ನು ಬಿಟ್ಟು ಒಬ್ಬರನ್ನು ಆರಿಸಿಕೊಳ್ಳಿ. ಬಹುಶಃ ನಿಮ್ಮ ಹಾಗೆಯೇ ಇನ್ನೊಂದು ಮೂಲೆಯಲ್ಲಿ ಕೂತವರು ಇದ್ದಾರೆ. ತರಗತಿಯ ಹೊರಗೆ, ಕಬಡ್ಡಿ ತಂಡದಲ್ಲೋ ಯಕ್ಷಗಾನದ ಕಲಿಕೆಯಲ್ಲೋ ಗ್ರಂಥಾಲಯದಲ್ಲೋ ಸಿಗುವ ಗೆಳೆತನವೂ ಗೆಳೆತನವೇ.

ನಾಲ್ಕು, ನಿದ್ದೆ, ಊಟ, ಓದು ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ, ಯಾರಾದರೂ ಹಿಂಸೆ ಕೊಡುತ್ತಿದ್ದರೆ ಅದನ್ನು ಒಬ್ಬರೇ ಹೊರಬೇಡಿ. ಆಯಿಗೆ, ಅಪ್ಪನಿಗೆ, ನಂಬಿಕೆಯ ಮಾಸ್ತರಿಗೆ ಅಥವಾ ಅಕ್ಕೋರಿಗೆ ಹೇಳಿ. ಮೊದಲು ಹೇಳಿದವರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ಉಳಿದವರಿಗೆ ಒಂದು ಚಿಕ್ಕ ಕೆಲಸ. ನಾಳೆ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಒಂದು ನಿಮಿಷ ಸುತ್ತ ನೋಡಿ. ನಿಮ್ಮ ತರಗತಿಯ ನಕ್ಷೆಯಲ್ಲಿ ಯಾವ ಗುರುತಿನ ಕಡೆಗೂ ಒಂದು ಬಾಣವೂ ಹೋಗದ ಸಹಪಾಠಿ ಯಾರೆಂದು ನಿಮಗೇ ತಿಳಿಯುತ್ತದೆ. ಡಬ್ಬಿ ಹಿಡಿದುಕೊಂಡು ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಏನು ಮಾತನಾಡಬೇಕೆಂದು ತೋಚದಿದ್ದರೆ, ಇವತ್ತು ಏನು ಪಲ್ಯ ಎಂದು ಕೇಳಿ.